ರೇಷನ್ ಕಾಲದ ಕೇಕು

ಎರಡನೇ ಮಹಾಯುದ್ಧದ ಕಾಲದ ಕ್ರಿಸ್‌ಮಸ್ ಕಾದಂಬರಿಗಳೆಂದರೆ ನನಗೆ ಸ್ವಲ್ಪ ಜಾಸ್ತಿನೇ ಇಷ್ಟ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಮಾತು ಬಿಟ್ಟ ಅಕ್ಕತಂಗಿಯರು ಹಬ್ಬದ ಹೊತ್ತಿಗೆ ಒಂದಾಗುತ್ತಾರೆ, ಅಷ್ಟೇ ಅಲ್ವಾ? ಆದರೂ ಓದಿಸಿಕೊಂಡು ಹೋಗುತ್ತವೆ.

ನನಗೆ ಹಿಡಿಸುವುದು ಅವುಗಳ ಅಡುಗೆಮನೆ. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಯುದ್ಧದ ಬಹುಪಾಲು ದಿನ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದ ಸಕ್ಕರೆ ಸುಮಾರು 225 ಗ್ರಾಂ. ಅದರಲ್ಲೇ ಟೀ, ಅದರಲ್ಲೇ ಕೇಕು. ಸಿಹಿ ಸಾಲದೆ ಪುಡಿಂಗಿಗೆ ಕ್ಯಾರೆಟ್ ತುರಿದು ಹಾಕುತ್ತಿದ್ದರು. ಬಾದಾಮಿ ಸಿಗದೆ ಮಾರ್ಜಿಪಾನನ್ನು (ಕೇಕಿನ ಮೇಲೆ ಹೊದಿಸುವ ಬಾದಾಮಿ-ಸಕ್ಕರೆಯ ಕಣಕ) ಸೋಯಾ ಹಿಟ್ಟಿನಲ್ಲಿ ಕಲಸಿ, ವಾಸನೆಗೆ ನಾಲ್ಕು ಹನಿ ಬಾದಾಮಿ ಎಸೆನ್ಸ್!

ಹೀಗಿರುವಾಗ ಒಂದು ಕೇಕು ಆಗಬೇಕಾದರೆ ನಾಲ್ಕಾರು ಜನರ ಪಾಲು ಸೇರಬೇಕು. ಮುನಿಸಿಕೊಂಡವರ ಮನೆಗೂ ಬಟ್ಟಲು ಹಿಡಿದು ಹೋಗಲೇಬೇಕು. ಉದ್ದುದ್ದ ಕ್ಷಮಾಪಣೆಯ ಮಾತುಗಳಿಗಿಂತ ಈ ಸಕ್ಕರೆ ರಾಜಿ ನನಗೆ ನಿಜ ಅನ್ನಿಸುತ್ತದೆ. ಯುದ್ಧಕ್ಕೆ ಹೋದ ಮಗ ಸರಿಯಾಗಿ ಕ್ರಿಸ್‌ಮಸ್ ಹಿಂದಿನ ರಾತ್ರಿಯೇ ಬಂದು ಬಾಗಿಲು ತಟ್ಟುವುದು ಮಾತ್ರ ಸ್ವಲ್ಪ ಅತಿಯಾಯಿತು. ಆ ಪುಟದಲ್ಲೂ ಕಣ್ಣು ಒದ್ದೆಯಾಗುತ್ತದೆ, ಅದು ಬೇರೆ ಮಾತು.

ಇಂಥವು ಯಾವುದಾದರೂ ಓದಿದ್ದರೆ ಹೆಸರು ಹೇಳಿ. ಕೊನೆಗೆ ಏನಾಯಿತು ಅಂತ ಹೇಳಿದರೂ ಬೇಜಾರಿಲ್ಲ.