ಉಳುವ ಎತ್ತನ್ನು ಮಾರಿ ಕರು ಕಟ್ಟಿದ ತರಬೇತುದಾರ

ಕಳೆದ ಭಾನುವಾರ ದಾವಣಗೆರೆಯ ಹೋಟೆಲೊಂದರಲ್ಲಿ ಬೆಣ್ಣೆದೋಸೆ ತಿನ್ನುತ್ತಾ, ನಮ್ಮ ಬಡಾವಣೆಯ ಕಬಡ್ಡಿ ತಂಡದ ಒಳ್ಳೆಯ ರೈಡರ್‌ನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟ ತರಬೇತುದಾರರನ್ನು ಗೆಳೆಯರೆಲ್ಲ ಬೈಯುತ್ತಿದ್ದಾಗ, ನನಗೆ ಅಮೆರಿಕನ್ ಫುಟ್‌ಬಾಲ್‌ನ ತರಬೇತುದಾರ ಜಿಮ್ಮಿ ಜಾನ್ಸನ್ ನೆನಪಾದರು.

1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಹೊಣೆ ಹೊತ್ತ ಅವರು, ಅದೇ ಅಕ್ಟೋಬರ್‌ನಲ್ಲಿ ತಂಡದ ದೊಡ್ಡ ತಾರೆ ಹರ್ಷಲ್ ವಾಕರ್ ಅವರನ್ನು ಮಿನ್ನೆಸೋಟಾ ವೈಕಿಂಗ್ಸ್‌ಗೆ ಕೊಟ್ಟುಬಿಟ್ಟರು. ಪ್ರತಿಯಾಗಿ ಐವರು ಆಟಗಾರರು ಬಂದರಾದರೂ ಜಾನ್ಸನ್ನರ ಕಣ್ಣಿದ್ದದ್ದು ಅವರ ಮೇಲಲ್ಲ. ಆ ಐವರನ್ನು ಕೈಬಿಟ್ಟರೆ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ, ಎಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಲ್ಲಿ, ವೈಕಿಂಗ್ಸ್‌ನ ಸರದಿಗಳು ಡಲ್ಲಾಸ್‌ಗೆ ದಕ್ಕುವಂತೆ ಒಪ್ಪಂದವಿತ್ತು. ವ್ಯಾಪಾರದ ಚಾಣಾಕ್ಷತನವೆಲ್ಲ ಇದೊಂದು ಷರತ್ತಿನಲ್ಲಿತ್ತು ಎಂಬುದು ನನ್ನ ಎಣಿಕೆ.

ಆ ವರ್ಷ ಡಲ್ಲಾಸ್ 16 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನೇ. ಆದರೆ ಹಾಗೆ ದಕ್ಕಿದ ಸರದಿಯೊಂದನ್ನು ಬಳಸಿ 1990ರಲ್ಲಿ ಚೆಂಡು ಹಿಡಿದು ಓಡುವ ಆಟಗಾರ ಎಮಿಟ್ ಸ್ಮಿತ್ ಅವರನ್ನು 17ನೆಯ ಆಯ್ಕೆಯಾಗಿ ತಂದುಕೊಂಡರು; 1992 ಮತ್ತು 1993ರ ಋತುಗಳ ಸೂಪರ್ ಬೌಲ್, ಎಂದರೆ ಲೀಗಿನ ಅಂತಿಮ ಪಂದ್ಯ, ಎರಡೂ ಡಲ್ಲಾಸ್ ಪಾಲಾದವು.

ಇದನ್ನೆಲ್ಲ ಹೇಳಿದಾಗ ಗೆಳೆಯನೊಬ್ಬ, ‘ಅಲ್ಲಿ ಕಾಯುವುದಕ್ಕೆ ದುಡ್ಡಿತ್ತು ಮಾರಾಯ, ಇಲ್ಲಿ ಮ್ಯಾಟ್ ಬಾಡಿಗೆಗೂ ಚಂದಾ ಎತ್ತಬೇಕು’ ಎಂದ. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ರೈಡರ್‌ಗೆ ಬದಲಾಗಿ ಬಂದ ಇಬ್ಬರು ಹುಡುಗರಲ್ಲಿ ಒಬ್ಬ, ಎದುರಾಳಿಯ ಪಾದ ಹಿಡಿದ ಮೇಲೆ ಬಿಡದೆ ಎಳೆಯುವುದನ್ನು ಇನ್ನೂ ಕಲಿಯುತ್ತಿದ್ದಾನೆ.