ಪಫರ್ ಮೀನು ಬೇಕು ಅಂದವರ ಹತ್ತಿರ ಮೊದಲು ಉಪ್ಪಿನ ಮಾತು

ನಾನು ಕೆಲಸ ಮಾಡುವುದು ಅಕ್ವೇರಿಯಂ ಅಂಗಡಿಯಲ್ಲಿ. ಬಂದವರು ನೋಡಿದ ತಕ್ಷಣ ಮನಸೋಲುವ ಮೀನು ಅಂದ್ರೆ ಹಸಿರು ಚುಕ್ಕೆ ಪಫರ್, ಹೆದರಿದರೆ ಚೆಂಡಿನ ಹಾಗೆ ಉಬ್ಬುವ ಜಾತಿಯ ಮೀನು. ಗಾಜಿನ ಹತ್ತಿರ ಮುಖ ಒಯ್ದರೆ ಅದೂ ಬರುತ್ತದೆ, ಕಣ್ಣು ಹೊರಳಿಸಿ ನಮ್ಮನ್ನೇ ನೋಡುತ್ತದೆ. ಆಮೇಲೆ ಅವರು ಕೇಳುವುದು, "ಇದಕ್ಕೆ ಊಟ ಏನು ಹಾಕಬೇಕು?" ಊಟದ ವಿಷಯ ಆಮೇಲೆ, ಮೊದಲು ನೀರಿನ ಮಾತು ಮುಗಿಯಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಈ ಮೀನು ಮರಿಯಾಗಿದ್ದಾಗ ಸಿಹಿನೀರನ್ನೂ ತಡೆದುಕೊಳ್ಳುತ್ತದೆ. ಹಾಗಾಗಿ ಎಷ್ಟೋ ಕಡೆ ಸಿಹಿನೀರಿನ ಟ್ಯಾಂಕಿನಲ್ಲೇ ಇಟ್ಟು ಮಾರುತ್ತಾರೆ. ಆದರೆ ಇದು ನದಿ ಸಮುದ್ರ ಸೇರುವ ಅಳಿವೆಗಳ ಮೀನು. ದೊಡ್ಡದಾದಷ್ಟೂ ಅದಕ್ಕೆ ಉಪ್ಪು ಜಾಸ್ತಿ ಬೇಕು. "ನಮ್ಮನೇಲಿ ಸಿಹಿನೀರಲ್ಲೇ ಆರಾಮಾಗಿದೆ" ಅನ್ನುವವರ ಹತ್ತಿರ ನಾನು ವಾದಕ್ಕೆ ಹೋಗುವುದಿಲ್ಲ. ಹೊಟ್ಟೆ ಯಾವ ಬಣ್ಣ ಇದೆ ಅಂತ ಕೇಳುತ್ತೇನೆ. ಆರೋಗ್ಯವಾಗಿರುವ ಮೀನಿನ ಹೊಟ್ಟೆ ಅಚ್ಚ ಬಿಳಿ. ನಿದ್ದೆಯಲ್ಲಿ ಸ್ವಲ್ಪ ಹೊತ್ತು ಮಂಕಾದರೆ ಪರವಾಗಿಲ್ಲ. ದಿನವಿಡೀ ಬೂದು ಅಥವಾ ಕಪ್ಪು ಇದ್ದರೆ ಅದಕ್ಕೆ ಏನೋ ಹಿಂಸೆ ಆಗುತ್ತಿದೆ ಅಂತಲೇ ಅರ್ಥ. ಬದುಕಿದೆ ಅಂದ ಮಾತ್ರಕ್ಕೆ ಸುಖವಾಗಿದೆ ಅಂತಲ್ಲ, ಅಲ್ವಾ?

ಇನ್ನು ಉಪ್ಪು. ಅಡುಗೆ ಉಪ್ಪು ಬೇಡವೇ ಬೇಡ. ಸಮುದ್ರದ ಮೀನಿನ ಟ್ಯಾಂಕಿಗೆ ಹಾಕುವ ಮರೀನ್ ಸಾಲ್ಟೇ ಆಗಬೇಕು. ನೀರಿನ ಪಿಎಚ್ ಮತ್ತು ಗಡಸುತನ ಕಾಯುವ ಖನಿಜಗಳು ಅದರಲ್ಲಿರುತ್ತವೆ. ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ತಿಳಿಯಲು ಸ್ಪೆಸಿಫಿಕ್ ಗ್ರಾವಿಟಿ ನೋಡುತ್ತೇವೆ, ಅಂದರೆ ಶುದ್ಧ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ. ಸಮುದ್ರದ ನೀರಿನದು 1.025ರ ಆಸುಪಾಸು. ಚಿಕ್ಕದಾಗಿಯೇ ಉಳಿಯುವ ಇನ್ನೊಂದು ಜಾತಿ, ಫಿಗರ್ ಎಂಟು ಪಫರಿಗೆ 1.005 ಸಾಕು, ಅಂದರೆ ಲೀಟರಿಗೆ ಸುಮಾರು 7-8 ಗ್ರಾಂ ಉಪ್ಪು. ಹಸಿರು ಚುಕ್ಕೆಯದು ಬೆಳೆದಂತೆ 1.010 ದಾಟಿ ಮೇಲೆ ಒಯ್ಯಬೇಕು. ಅಂದಾಜಿನ ಮೇಲೆ ಬಿಡಬೇಡಿ, ಇದನ್ನು ಅಳೆಯುವ ಹೈಡ್ರೋಮೀಟರ್ ಅಥವಾ ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. ಮೀನಿಗಿಂತ ಮೊದಲು ಕೊಳ್ಳಬೇಕಾದದ್ದೇ ಅದು.

ಉಪ್ಪನ್ನು ಬಕೆಟ್‌ನಲ್ಲಿ ಪೂರ್ತಿ ಕರಗಿಸಿ, ನೀರು ಬದಲಾಯಿಸುವಾಗ ಹಾಕಬೇಕು. ವಾರಕ್ಕೆ 0.002ರಷ್ಟು ಏರಿಸಿದರೆ ಸಾಕು. ಇದು ಮೀನಿಗಾಗಿ ಮಾತ್ರ ಅಲ್ಲ. ಮೀನಿನ ಹೊಲಸಿನಿಂದ ಬರುವ ವಿಷ, ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಇವೆಯಲ್ಲ, ಅವೂ ಹೊಸ ನೀರಿಗೆ ಹೊಂದಿಕೊಳ್ಳಬೇಕು. ಗಡಿಬಿಡಿ ಮಾಡಿದರೆ ಅವು ಸಾಯುತ್ತವೆ, ಅಮೋನಿಯಾ ಏರುತ್ತದೆ. ಪಫರಿಗೆ ಬೇರೆ ಮೀನುಗಳ ಹಾಗೆ ಹುರುಪೆ ಇಲ್ಲ, ಅದು ಬೇಗ ತತ್ತರಿಸುತ್ತದೆ. ಇನ್ನೊಂದು, ನೀರು ಆವಿಯಾದರೂ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಕ್ಲೋರಿನ್ ತೆಗೆದ ಸಿಹಿನೀರಿನಿಂದಲೇ ತುಂಬಿಸಿ.

ಈಗ ಊಟಕ್ಕೆ ಬರೋಣ. ಪಫರಿಗೆ ಇರುವುದು ನಾಲ್ಕೇ ಹಲ್ಲು, ಕೊಕ್ಕಿನ ಹಾಗೆ ಕೂಡಿಕೊಂಡಿರುತ್ತವೆ, ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಚಿಪ್ಪು ಕಡಿದರೆ ಮಾತ್ರ ಸವೆಯುತ್ತವೆ. ಟ್ಯಾಂಕಿಗೆ ಒಂದು ಸಣ್ಣ ಬಸವನಹುಳು ಹಾಕಿ ನೋಡಿ. ಮೀನು ಅಲ್ಲಾಡದೆ ನಿಂತು ಒಂದೊಂದೇ ಕಣ್ಣು ತಿರುಗಿಸಿ ಅಳೆಯುತ್ತದೆ. ಹುಳು ಚಿಪ್ಪಿನಿಂದ ಹೊರಗೆ ಬಂದ ಕ್ಷಣ ಕಟಕ್ಕನೆ ಕಚ್ಚುತ್ತದೆ. ನನಗೆ ಈಗಲೂ ನೋಡಿ ಸಾಕಾಗಿಲ್ಲ. ಬರೀ ಮೆತ್ತನೆ ಆಹಾರ ಕೊಟ್ಟು ಹಲ್ಲು ಬೆಳೆದು ಬಾಯಿ ತೆರೆಯಲಾಗದ ಮೀನನ್ನೂ ಅಂಗಡಿಗೆ ತರುತ್ತಾರೆ. ಹಲ್ಲು ಕತ್ತರಿಸಬಹುದು, ಆದರೆ ಅದಕ್ಕೆ ಮೀನಿಗೆ ಮಂಪರು ಬರಿಸಬೇಕು. ಆ ಹಿಂಸೆ ಯಾಕೆ?

"ಉಬ್ಬಿಸಿ ತೋರಿಸಿ" ಅಂತ ಕೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಉಬ್ಬುವುದು ಜೀವಭಯಕ್ಕೆ. ನೀರಿನಿಂದ ಮೇಲೆತ್ತಿದಾಗ ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕಲು ಆಗದೇ ಇರಬಹುದು. ಅದಕ್ಕೇ ನಾವು ಬಲೆ ಮುಟ್ಟುವುದಿಲ್ಲ, ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯುತ್ತೇವೆ.

ಇಷ್ಟೆಲ್ಲ ಕೇಳಿ ಕೆಲವರು ಹಿಂಜರಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹಸಿರು ಚುಕ್ಕೆಯದು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 10 ವರ್ಷವೂ ಬಾಳುತ್ತದೆ. ಉಪ್ಪಿನ ಸಹವಾಸ ಬೇಡ ಅನ್ನುವವರಿಗೆ ಪಶ್ಚಿಮ ಘಟ್ಟದ ನದಿಗಳ ಪುಟಾಣಿ ಬಟಾಣಿ ಪಫರ್ ತೋರಿಸುತ್ತೇನೆ. ಅದು ಪೂರ್ತಿ ಸಿಹಿನೀರಿನ ಮೀನು, ಒಂದು ಇಂಚಿನಷ್ಟೇ ಉದ್ದ. ನದಿಗಳಲ್ಲಿ ಅದರ ಸಂಖ್ಯೆ ಇಳಿಯುತ್ತಿದೆ, ಹಾಗಾಗಿ ಟ್ಯಾಂಕಿನಲ್ಲೇ ಮರಿ ಮಾಡಿಸಿದ್ದು ಸಿಕ್ಕರೆ ಮಾತ್ರ ತೆಗೆದುಕೊಳ್ಳಿ ಅಂತಲೂ ಹೇಳುತ್ತೇನೆ.