ನಾಲ್ಕು ಬೆರಳಿನ ಬ್ರೇಕು

ಹೋದ ವರ್ಷ ಜುಲೈನಲ್ಲಿ, ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ, ನನ್ನ ಬೈಕಿನ ಮುಂದಿನ ಬ್ರೇಕ್ ಲಿವರ್ ಬಂದು ಹ್ಯಾಂಡಲ್‌ಗೇ ತಾಗಿತು. ಇನ್ನು ಒತ್ತಲು ಜಾಗವಿಲ್ಲ. ಬೈಕು ಮಾತ್ರ ಹೋಗುತ್ತಲೇ ಇತ್ತು. ಎದುರಿಗೆ ಕೆಂಪು ಬಸ್ಸೊಂದು ತಿರುವಿಡೀ ತುಂಬಿಕೊಂಡು ಮೇಲೆ ಹತ್ತುತ್ತಿತ್ತು. ಎಡಕ್ಕೆ ಚರಂಡಿ ಇತ್ತು, ಸೀದಾ ಅದಕ್ಕೆ ಇಳಿಸಿದೆ. ಮೊಣಕಾಲು ತರಚಿತು, ಇಂಡಿಕೇಟರ್ ಮುರಿಯಿತು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಬ್ರೇಕ್ ಇಲ್ವೇನ್ರೀ?" ಅಂದರು. ಇದೆ ಅನ್ನಲು ಬಾಯಿ ಬರಲಿಲ್ಲ.

ಬೈಕು ಯಮಹಾ ಆರ್‌ಎಕ್ಸ್ 100. ಅಪ್ಪ 1992ರಲ್ಲಿ ತೆಗೆದುಕೊಂಡಿದ್ದು. 98 ಸಿಸಿ, ಟೂ ಸ್ಟ್ರೋಕ್, ತೂಕ ನೂರು ಕಿಲೋ ಆಸುಪಾಸು. ಅದರ ಪಿಕಪ್ ಬಗ್ಗೆ ಊರಲ್ಲೆಲ್ಲ ಕಥೆಗಳಿವೆ. ಬ್ರೇಕ್ ಬಗ್ಗೆ ಯಾರೂ ಕಥೆ ಹೇಳುವುದಿಲ್ಲ. ಹಿಂದೆ ಮುಂದೆ ಎರಡೂ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂಗಳು ಒತ್ತಿ ನಿಲ್ಲಿಸುವ ಬ್ರೇಕು. ಮುಂದಿನದನ್ನು ನಾಲ್ಕೂ ಬೆರಳು ಸೇರಿಸಿ ಹಿಂಡಬೇಕು, ಎಮ್ಮೆ ಹಾಲು ಕರೆದ ಹಾಗೆ.

ಅವತ್ತು ಆಗಿದ್ದೇನು ಅಂತ ಆಮೇಲೆ ಅರ್ಥವಾಯಿತು. ಟೂ ಸ್ಟ್ರೋಕ್ ಇಂಜಿನ್‌ಗೆ ಎಳೆದು ಹಿಡಿಯುವ ಗುಣ ಬಹಳ ಕಡಿಮೆ. ಎರಡನೇ ಗೇರಿಗೆ ಹಾಕಿ ಇಳಿದರೂ ಗಾಡಿ ಜಾರುತ್ತಲೇ ಇರುತ್ತದೆ. ಹಾಗಾಗಿ ಕೊಟ್ಟಿಗೆಹಾರದಿಂದ ಕೆಳಕ್ಕೆ ಇಡೀ ದಾರಿ ಬ್ರೇಕ್ ಹಿಡಿದುಕೊಂಡೇ ಇಳಿದಿದ್ದೆ. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಲಿವರ್ ಅಷ್ಟು ಜಾಸ್ತಿ ಒಳಗೆ ಬರಬೇಕಾಗುತ್ತದೆ. ಜೊತೆಗೆ ಸವೆದ ಲೈನರ್, ಎಳೆದು ಎಳೆದು ಉದ್ದವಾದ ಕೇಬಲ್. ಮಳೆಯ ನೀರು ಒಳಗೆ ಹೋಗಿದ್ದರೆ ಅದೂ ಸೇರಿಕೊಂಡಿರುತ್ತದೆ.

ಡಿಸ್ಕ್ ಹಾಕಿಸ್ತೀನಿ, ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡು ಕಚ್ಚಿ ಹಿಡಿಯುವ ಬ್ರೇಕು, ಅಂದಾಗ ಅಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ. "ಮೂವತ್ತು ವರ್ಷ ನಾನು ಇದೇ ಬ್ರೇಕಲ್ಲಿ ಓಡಿಸಿದೀನಿ. ಗಾಡೀಲಿ ಏನೂ ತೊಂದರೆ ಇಲ್ಲ, ಓಡಿಸೋನದ್ದು ಇರಬೇಕು" ಅಂದರು. ಅವರ ಸ್ಪೀಡು ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದ್ದನ್ನು ನಾನು ನೋಡಿಲ್ಲ, ಅದು ಬೇರೆ ವಿಷಯ. ಆಗ ಮುಂದೆ ಹೋಗುತ್ತಿದ್ದ ಗಾಡಿಗಳೂ ಇಂಥದೇ ಬ್ರೇಕಿನವು. ಈಗ ಹಾಗಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ, ಎಷ್ಟೇ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಏರ್ಪಾಡು. ಮುಂದಿನವನು ಗಕ್ಕನೆ ನಿಲ್ಲುತ್ತಾನೆ, ನಾನು ಅವನ ನಂಬರ್ ಪ್ಲೇಟ್ ಓದುತ್ತಾ ಹತ್ತಿರ ಹೋಗುತ್ತಿರುತ್ತೇನೆ.

ಹಾಸನದಲ್ಲಿ ನಮ್ಮ ಗಾಡಿ ನೋಡುವ ಭಾಯ್ ಒಪ್ಪಿಕೊಂಡರು. ಆದರೆ ಒಂದು ಷರತ್ತು. "ಎಲ್ಲೂ ವೆಲ್ಡಿಂಗ್ ಮಾಡಲ್ಲ ಸಾರ್. ಮುಂದಿನ ಚಕ್ರದ ವಿಷಯ, ಬೆಸುಗೆ ಬಿಟ್ರೆ ಮುಖ ಹೋಗುತ್ತೆ." ಹಾಗಾದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕೂರಲು ಕಿವಿ ಇರುವ ಫೋರ್ಕ್ ಬೇಕು. ಅದರ ಪೈಪಿನ ದಪ್ಪ ನಮ್ಮದಷ್ಟೇ ಇದ್ದರೆ ಫೋರ್ಕನ್ನು ಮೇಲೆ ಹಿಡಿದಿಡುವ ನಮ್ಮ ಹಳೇ ಟಿ ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನೂ ಬದಲಾಯಿಸಬೇಕು. ಒಂದು ಭಾನುವಾರ ಇಬ್ಬರೂ ಬೆಂಗಳೂರಿಗೆ ಹೋದೆವು. ಶಿವಾಜಿನಗರದ ಗುಜರಿಯಲ್ಲಿ ಭಾಯ್ ವರ್ನಿಯರ್ ಹಿಡಿದು ಕೂತರು. ಮೊದಲನೆಯದು ದಪ್ಪ. ಎರಡನೆಯದರ ದಪ್ಪ ಸರಿ, ಆದರೆ ನೆಲದ ಮೇಲೆ ಉರುಳಿಸಿದಾಗ ಕುಣಿಯಿತು, ಎಲ್ಲೋ ಬಿದ್ದು ಬೆಂಡಾದ ಮಾಲು. ಮೂರನೆಯದು ಸರಿಹೋಯಿತು. ಡಿಸ್ಕ್ ಕೂರುವ ಹಬ್, ಅಂದರೆ ಚಕ್ರದ ನಡುವಿನ ಗುಂಬ, ಕೂಡ ಅಲ್ಲೇ ಸಿಕ್ಕಿತು. ಡಿಸ್ಕ್ ಪ್ಲೇಟ್, ಪ್ಯಾಡ್, ಹೋಸ್ ಮಾತ್ರ ಹಳೇದು ಬೇಡ ಅಂತ ಮಾರನೇ ದಿನ ಜೆ.ಸಿ. ರೋಡಿನಲ್ಲಿ ಹೊಸದು ತೆಗೆದುಕೊಂಡೆವು. ಅಲ್ಲಿನ ಬಿರಿಯಾನಿ ಖರ್ಚು ಲೆಕ್ಕಕ್ಕೆ ಹಿಡಿಯದೆ ಒಟ್ಟು 9,400 ರೂಪಾಯಿ.

ಹಬ್ಬನ್ನು ನಮ್ಮದೇ ರಿಮ್‌ಗೆ ಕಡ್ಡಿ ಕಟ್ಟಿಸಿ, ಬೆಂಡ್ ತೆಗೆಸಿ, ಶನಿವಾರ ಬೆಳಿಗ್ಗೆ ಕೆಲಸ ಶುರು. ಮಧ್ಯಾಹ್ನದೊಳಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಫೋರ್ಕ್ ಕೂತಿದ್ದು ಅರ್ಧ ಗಂಟೆಯಲ್ಲಿ. ಆದರೆ ಡಿಸ್ಕು ಕ್ಯಾಲಿಪರ್‌ನ ನಟ್ಟನಡುವೆ ಬರಲಿಲ್ಲ, ಎರಡು ಮಿಲಿಮೀಟರ್ ಆಚೆ. ಆಕ್ಸಲ್ ಬುಷ್ ಹಿಡಿದುಕೊಂಡು ಲೇತ್ ಅಂಗಡಿಗೆ ಓಡಿದೆ. ಅವರು ಊಟಕ್ಕೆ ಹೋಗಿದ್ದರು. ಒಂದೂವರೆ ಗಂಟೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ.

ನಿಜವಾದ ತಲೆನೋವು ಬಂದಿದ್ದು ಮೇಲಿನ ಮಾಸ್ಟರ್ ಸಿಲಿಂಡರ್‌ನಿಂದ, ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ಕ್ಯಾಲಿಪರ್‌ಗೆ ತಳ್ಳುವ ಭಾಗ ಅದು. ದೊಡ್ಡ ಬೈಕಿನದೊಂದು ಭಾಯ್ ಹತ್ತಿರ ಬಿದ್ದಿತ್ತು, ನೋಡಲು ಚೆನ್ನಾಗಿದೆ ಅಂತ ಅದನ್ನೇ ಹಾಕಿದೆವು. ಲಿವರ್ ಕಲ್ಲಿನ ಹಾಗೆ ಗಟ್ಟಿ. ಇಬ್ಬರಿಗೂ ಖುಷಿ. ಗಲ್ಲಿಯಲ್ಲಿ ಒಂದು ಸುತ್ತು ಹೋದರೆ, ಬ್ರೇಕು ಡ್ರಮ್‌ಗಿಂತ ಕಡೆ! ಭಾಯ್ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಅವರೇ ನಕ್ಕರು. ಸಿರಿಂಜಿನ ಲೆಕ್ಕ ಇದು. ಸಣ್ಣ ಸಿರಿಂಜನ್ನು ಹೆಬ್ಬೆರಳಿನಿಂದ ಸುಲಭವಾಗಿ ಒತ್ತಬಹುದು, ಆ ತುದಿಯಲ್ಲಿ ಒತ್ತಡ ಜೋರಾಗಿರುತ್ತದೆ. ದನಕ್ಕೆ ಚುಚ್ಚುವ ದಪ್ಪ ಸಿರಿಂಜು ಅಷ್ಟೇ ಬಲಕ್ಕೆ ಜಗ್ಗುವುದೇ ಇಲ್ಲ. ಕೈಯ ಹತ್ತಿರದ ಪಿಸ್ಟನ್ ದೊಡ್ಡದಾದಷ್ಟೂ ಲಿವರ್ ಗಟ್ಟಿ ಅನ್ನಿಸುತ್ತದೆ, ಪ್ಯಾಡಿಗೆ ಹೋಗುವ ಒತ್ತಡ ಕಡಿಮೆಯಾಗುತ್ತದೆ. ಲಿವರ್ ಗಟ್ಟಿ ಇದ್ದರೆ ಬ್ರೇಕ್ ಒಳ್ಳೇದು ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ ನೋಡಿ. ಕ್ಯಾಲಿಪರ್‌ನ ಜೊತೆಯದೇ ಚಿಕ್ಕ ಸಿಲಿಂಡರ್ ಹುಡುಕಿ ತಂದು ಹಾಕುವಾಗ ಸಂಜೆ ಆರು.

ಈಗ ಏರ್ ಲಾಕ್. ಬ್ರೇಕ್ ಆಯಿಲ್ ಕುಗ್ಗುವುದಿಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ ಕುಗ್ಗುತ್ತದೆ. ಒಂದು ಗುಳ್ಳೆ ಉಳಿದರೂ ಲಿವರ್ ಸ್ಪಂಜು. ನಾನು ಒತ್ತಿ ಹಿಡಿಯುವುದು, ಭಾಯ್ ಕೆಳಗೆ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ ಬಿಗಿಯುವುದು, ಆಮೇಲೆ ನಾನು ಬಿಡುವುದು. "ಹಿಡೀರಿ... ಬಿಡಬೇಡಿ... ಹಾಂ, ಈಗ ಬಿಡಿ." ಒಂದು ಸಲ ಅವರು ಬಿಗಿಯುವ ಮೊದಲೇ ಬಿಟ್ಟುಬಿಟ್ಟೆ. ಗಾಳಿ ವಾಪಸ್ ಎಳೆದುಕೊಂಡಿತು, ಮತ್ತೆ ಮೊದಲಿನಿಂದ. ಈ ಗಲಾಟೆಯಲ್ಲಿ ಡಬ್ಬಿಯಿಂದ ನಾಲ್ಕು ಹನಿ ಟ್ಯಾಂಕಿನ ಮೇಲೆ ಬಿತ್ತು. ಡಾಟ್ 4 ಅನ್ನುವ ಈ ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಕೂಡಲೇ ನೀರು ಹಾಕಿ ತೊಳೆಯಬೇಕಿತ್ತು, ನಾನು ಬಟ್ಟೆಯಲ್ಲಿ ಒರೆಸಿದೆ. ಅಪ್ಪ ಮೂವತ್ತು ವರ್ಷ ಕಾಪಾಡಿದ ಬಣ್ಣದಲ್ಲಿ ಈಗ ಕಾಸಿನಗಲದ ಒಂದು ಮಚ್ಚೆ ಇದೆ. ಅದನ್ನು ಅವರು ಮೊದಲ ನೋಟಕ್ಕೇ ಕಂಡುಹಿಡಿದರು, ಡಿಸ್ಕನ್ನು ನೋಡುವುದಕ್ಕೂ ಮೊದಲು.

ಎಂಟು ಗಂಟೆಯಾದರೂ ಲಿವರ್ ಪೂರ್ತಿ ಗಟ್ಟಿಯಾಗಲಿಲ್ಲ. ಭಾಯ್ ಹಳೇ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಲಿವರ್ ಒತ್ತಿ ಹ್ಯಾಂಡಲ್‌ಗೆ ಬಿಗಿದು ಕಟ್ಟಿದರು. "ರಾತ್ರಿ ಹಿಂಗೇ ಇರ್ಲಿ. ಗುಳ್ಳೆ ತಾನಾಗೇ ಮೇಲೆ ಬರುತ್ತೆ." ನನಗೆ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಕಟ್ಟು ಬಿಚ್ಚಿ, ಸಿಲಿಂಡರ್ ಮುಚ್ಚಳ ತೆಗೆದು ಮೆಲ್ಲಗೆ ಒತ್ತಿದರೆ, ಎರಡು ಮೂರು ಪುಟ್ಟ ಗುಳ್ಳೆ ಪುಳಕ್ ಅಂತ ಮೇಲೆ ಬಂದವು. ಲಿವರ್ ಸರಿಹೋಯಿತು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೂ ಜೋರಾಗಿ ಹಿಡಿಯಬಾರದು. ರಿಂಗ್ ರೋಡಿನಲ್ಲಿ ನಲವತ್ತರಿಂದ ಹತ್ತಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಹೋಗುವುದು, ಹೀಗೆ ಇಪ್ಪತ್ತೈದು ಮೂವತ್ತು ಸಲ. ಕೊನೆಕೊನೆಗೆ ಎರಡು ಬೆರಳು ಸಾಕಾಯಿತು. ಆದರೆ ಒಂದು ಕಡೆ ಮರಳಿತ್ತು, ಮುಂದಿನ ಚಕ್ರ ಸರ್ರನೆ ಜಾರಿತು. ಕಾಲು ಕೊಟ್ಟು ಉಳಿದೆ. ಡ್ರಮ್ ಇದ್ದಾಗ ಚಕ್ರ ಲಾಕ್ ಆಗುವಷ್ಟು ಶಕ್ತಿಯೇ ಇರಲಿಲ್ಲವಲ್ಲ, ಆ ಸಣಕಲು ಟೈರಿನ ಬಂಡವಾಳ ಇಷ್ಟು ದಿನ ಗೊತ್ತಾಗಿರಲಿಲ್ಲ. ಅದೇ ವಾರ ಟೈರನ್ನೂ ಬದಲಾಯಿಸಿದೆ. ಸ್ಪೀಡೋಮೀಟರ್ ಈಗ ಸ್ವಲ್ಪ ಸುಳ್ಳು ಹೇಳುತ್ತದೆ. ಅದನ್ನು ಬಿಟ್ಟಿದ್ದೇನೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನಮ್ಮ ಗಾಡಿಯ ನೋಂದಣಿ ನವೀಕರಣ ಮತ್ತೆ ಬರುವುದು 2027ರಲ್ಲಿ. ಆಗ ಆರ್‌ಟಿಒ ಏನನ್ನುತ್ತಾರೋ. ಹಳೇ ಫೋರ್ಕು, ಡ್ರಮ್ಮು, ಕೇಬಲ್ ಎಲ್ಲಕ್ಕೂ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ಒಂದು ವಾಷರ್ ಕೂಡ ಬಿಸಾಡಿಲ್ಲ.

ಅಪ್ಪ ಒಂದು ವಾರ ಗಾಡಿ ಮುಟ್ಟಲಿಲ್ಲ. ಎಂಟನೇ ದಿನ ಹಾಲು ತರಲು ಹೊರಟರು. "ಅಪ್ಪಾ, ಎರಡೇ ಬೆರಳು, ಮೆಲ್ಲಗೆ" ಅಂತ ಗೇಟಿನ ತನಕ ಹಿಂದೆ ಹೋಗಿ ಹೇಳಿದೆ. "ಗೊತ್ತು ಬಿಡೋ" ಅಂದರು. ತಿರುವಿನಲ್ಲಿ ಪಕ್ಕದ ಮನೆ ನಾಯಿ ಅಡ್ಡ ಬಂತು. ಮೂವತ್ತು ವರ್ಷದ ಕೈ, ನಾಲ್ಕೂ ಬೆರಳು ಸೇರಿಸಿ ಹಿಂಡಿತು. ಫೋರ್ಕು ಮುಗ್ಗರಿಸಿ, ಗಾಡಿ ಅಲ್ಲೇ ನೆಟ್ಟು ನಿಂತಿತು. ಅಪ್ಪನ ಒಂದು ಚಪ್ಪಲಿ ಮಾತ್ರ ಮುಂದಕ್ಕೆ ಹೋಯಿತು. ಅದನ್ನು ಹಾಕಿಕೊಂಡು, ಗಾಡಿ ತಳ್ಳಿಕೊಂಡು ವಾಪಸ್ ಬಂದು, ಹಾಲಿನ ಕ್ಯಾನು ನನ್ನ ಕೈಗೆ ಕೊಟ್ಟರು.

"ನೀನೇ ಹೋಗಿ ಬಾ. ನಾಯಿಗೇನೂ ಆಗಲಿಲ್ಲ."